ವಾಸಂತಿ ಟೀಚರ ತೆಂಗಿನೆಣ್ಣೆ

ಸಾಲ್ಟ್ ಲೇಕ್ ಕಡೆ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲವದು. ಕಂಪ್ಯೂಟರ್ ಇಲ್ಲದ ಶಾಲೆಯನ್ನು ಯಾರೂ ಲೆಕ್ಕಕ್ಕೇ ಇಡುತ್ತಿರಲಿಲ್ಲ. ಅದೇ ಊರಿನ ಟಾಲಿಗಂಜ್‌ನ ಒಂದು ಹೆಣ್ಣುಮಕ್ಕಳ ಶಾಲೆಗೂ ಈ ಗಾಳಿ ಬೀಸಿತು. ಕಂಪ್ಯೂಟರ್ ಕೋಣೆಗೆ ಜಾಗ ಹುಡುಕಿದ ಆಡಳಿತ ಸಮಿತಿಯ ಕಣ್ಣು ನೇರವಾಗಿ ಭೌತಶಾಸ್ತ್ರದ ಲ್ಯಾಬ್ ಮೇಲೆ ಬಿತ್ತು. ಲ್ಯಾಬ್ ಹೋದರೆ ಅಲ್ಲಿ ಪಾಠ ಮಾಡುವ ವಾಸಂತಿಯ ಕೆಲಸವೂ ಹೋದಂತೆ. ರೈಲ್ವೆ ಕಚೇರಿಯಲ್ಲಿದ್ದ ಗಂಡ ಬಾಲಕೃಷ್ಣನ ಜೊತೆ ಪುತ್ತೂರಿನಿಂದ ಬಂದ ಅವಳಿಗೆ ಈ ಬಂಗಾಳಿ ಊರಿನಲ್ಲಿ ತನ್ನದು ಅಂತ ಇದ್ದದ್ದು ಅದೊಂದೇ ಕೋಣೆ. ಕಾಡಿ ಬೇಡಿ, ಒಂದು ಪಾಠ ನೋಡಲು ಸಮಿತಿಯ ಅಧ್ಯಕ್ಷರನ್ನು ಒಪ್ಪಿಸಿದ್ದಳು. ಮೆಚ್ಚಿದರೆ ಲ್ಯಾಬ್ ಉಳಿಯುತ್ತದೆ ಎಂದು ಅವರು ಮಾತು ಕೊಟ್ಟಿದ್ದರು.

ಪ್ರಯೋಗವೇನೋ ಸುಲಭದ್ದು. ಬಿಸಿ ಎಣ್ಣೆಯ ಟೆಸ್ಟ್‌ಟ್ಯೂಬನ್ನು ತಣ್ಣೀರಿನಲ್ಲಿ ಇಳಿಬಿಟ್ಟು, ಎರಡಕ್ಕೂ ಒಂದೊಂದು ಥರ್ಮಾಮೀಟರ್ ಇಡುವುದು. ಎಣ್ಣೆಯ ತಾಪಮಾನ ಇಳಿಯುತ್ತದೆ, ನೀರಿನದು ಏರುತ್ತದೆ, ಕೊನೆಗೆ ಎರಡೂ ಒಂದೇ ಅಂಕಿಗೆ ಬಂದು ನಿಲ್ಲುತ್ತವೆ. ಆದರೆ ಜನವರಿಯ ಆ ಬೆಳಿಗ್ಗೆ, ಲೇಕ್ ಮಾರ್ಕೆಟ್ಟಿನಿಂದ ತಂದ ತೆಂಗಿನೆಣ್ಣೆ ಬಾಟಲಿಯೊಳಗೆ ಬೆಣ್ಣೆಯ ಹಾಗೆ ಗಟ್ಟಿಯಾಗಿ ಕೂತಿತ್ತು.

"ಸಾಸಿವೆ ಎಣ್ಣೆ ತಕೊಂಡು ಹೋಗು ಮಾರಾಯ್ತಿ," ಎಂದ ಬಾಲಕೃಷ್ಣ. "ಇದು ಅಲ್ಲಿಯೂ ಹೀಗೇ ಮಾಡಿದ್ರೆ?"

"ಬಿಸಿ ಮಾಡಿದ್ರೆ ಕರಗ್ತದೆ. ಆ ಘಾಟು ನಂಗೆ ಆಗುದಿಲ್ಲ."

ಊರಿಗೆ ಊರೇ ಸಾಸಿವೆ ಎಣ್ಣೆ ತಿನ್ನುವಾಗ ಇವಳದೊಂದು ಹಟ. ಆ ಹಟವೇ ಅವಳಿಗೆ ಮುಳುವಾಯಿತು.

ಮೊದಲು ಎಲ್ಲವೂ ಚೆನ್ನಾಗಿಯೇ ನಡೆಯಿತು. ಹುಡುಗಿಯರು ಅಂಕಿಗಳನ್ನು ಕೂಗಿ ಹೇಳುತ್ತಿದ್ದರು, ಹಿಂದಿನ ಬೆಂಚಿನಲ್ಲಿ ಅಧ್ಯಕ್ಷರು ತಲೆದೂಗುತ್ತಿದ್ದರು. ಇಪ್ಪತ್ತಮೂರು ಡಿಗ್ರಿಗೆ ಬಂದ ಎಣ್ಣೆ ಅಲ್ಲೇ ನಿಂತುಬಿಟ್ಟಿತು. ನೀರು ಇನ್ನೂ ಅದಕ್ಕಿಂತ ತಣ್ಣಗಿತ್ತು. ವಾಸಂತಿ ಕಲಕಿದಳು, ಕಾದಳು. ಅಂಕಿ ಜಪ್ಪಯ್ಯ ಅನ್ನಲಿಲ್ಲ. ಯಾರೋ ಕಿಸಕ್ಕನೆ ನಕ್ಕರು. ಅವಳು ಬಗ್ಗಿ ನೋಡಿದರೆ ಎಣ್ಣೆ ಬೆಳ್ಳಗಾಗುತ್ತಿದೆ.

ತಕ್ಷಣ ಹೊಳೆಯಿತು. ಹೆಪ್ಪುಗಟ್ಟುವಾಗ ಎಣ್ಣೆ ತನ್ನೊಳಗಿನ ಶಾಖವನ್ನು ಬಿಟ್ಟುಕೊಡುತ್ತದೆ, ಪೂರ್ತಿ ಗಟ್ಟಿಯಾಗುವವರೆಗೂ ಅಂಕಿ ಇಳಿಯುವುದಿಲ್ಲ. ಅಂದುಕೊಂಡದ್ದಕ್ಕಿಂತ ದೊಡ್ಡ ಪಾಠವೇ ಕಣ್ಣೆದುರು ನಡೆಯುತ್ತಿತ್ತು. ಬೋರ್ಡಿನ ಕಡೆ ತಿರುಗಿ ಗಡಿಬಿಡಿಯಲ್ಲಿ ಬರೆದು, ವಿವರಿಸಿ, ಮತ್ತೆ ಈಚೆ ತಿರುಗುವಷ್ಟರಲ್ಲಿ ಹಿಂದಿನ ಬೆಂಚು ಖಾಲಿಯಾಗಿತ್ತು.

ಟೆಸ್ಟ್‌ಟ್ಯೂಬನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಮೆಟ್ಟಿಲಿಳಿದು ಓಡಿದಳು. ಅಧ್ಯಕ್ಷರು ಆಗಲೇ ಕಾರು ಹತ್ತಿದ್ದರು.

"ಸರ್, ಪ್ರಯೋಗ ತಪ್ಪಿಲ್ಲ," ಎಂದು ಇಂಗ್ಲಿಷ್ ಬಂಗಾಳಿ ಕಲಸಿ, ಏದುಸಿರಿನಲ್ಲೇ ಎಲ್ಲವನ್ನೂ ಹೇಳಿದಳು. "ಎಣ್ಣೆ ಗಟ್ಟಿಯಾಗುತ್ತಿದೆ, ಅದಕ್ಕೇ ಅಂಕಿ ನಿಂತಿತು. ಬೆಳ್ಳಗಾಗಿದೆ, ನೀವೇ ನೋಡಿ."

ಮನುಷ್ಯ ಕೆಟ್ಟವನಲ್ಲ. ಕಾರು ನಿಲ್ಲಿಸಿ ಪೂರ್ತಿ ಕೇಳಿ, ಕನ್ನಡಕ ಹಾಕಿಕೊಂಡರು. "ಎಲ್ಲಿ, ತೋರಿಸಿ."

ಮುಷ್ಟಿ ಬಿಚ್ಚಿದಳು. ಎಣ್ಣೆ ನೀರಿನಷ್ಟು ತಿಳಿಯಾಗಿತ್ತು. ಇಷ್ಟು ವರ್ಷ ಶಾಖದ ಪಾಠ ಮಾಡಿದವಳಿಗೆ ತನ್ನ ಕೈಯೂ ಬಿಸಿ ಎಂಬುದು ನೆನಪಾಗಿರಲಿಲ್ಲ.

"ಈಗಷ್ಟೇ ಇತ್ತು ಸರ್. ತಣ್ಣೀರಲ್ಲಿಟ್ಟು ತರುತ್ತೇನೆ, ದಯವಿಟ್ಟು ಹೋಗಬೇಡಿ."

ಅಂಗಳದ ನಲ್ಲಿಗೆ ಓಡಿ ಟ್ಯೂಬನ್ನು ನೀರಿಗೆ ಒಡ್ಡಿದಳು. ಬೆನ್ನ ಹಿಂದೆ ಕಾರು ಹೊರಟ ಸದ್ದು ಕೇಳಿಸಿತು. ತಿರುಗಿ ನೋಡಲು ಧೈರ್ಯ ಬರಲಿಲ್ಲ, ಹಿಡಿದುಕೊಂಡೇ ನಿಂತಳು. ಸ್ವಲ್ಪ ಹೊತ್ತಿಗೆ ಎಣ್ಣೆ ತಳದಿಂದ ಬೆಳ್ಳಗಾಗತೊಡಗಿತು.