ತಿರುಗಿ ಹೇಳಿಸುತ್ತಿದ್ದ ಸಾಹೇಬರು

ಮೊನ್ನೆ ರಾಣೆಬೆನ್ನೂರಿನ ಓಣಿಯೊಂದರಲ್ಲಿ ಯಾರದೋ ಮನೆಗೆ ಸ್ಲ್ಯಾಬ್ ಹಾಕುತ್ತಿದ್ದರು. ಮಿಕ್ಸರಿನ ಡೀಸೆಲ್ ಹೊಗೆ, ಹಸಿ ಸಿಮೆಂಟಿನ ವಾಸನೆ ಎರಡೂ ಕೂಡಿ ಮೂಗಿಗೆ ಬಡಿದವು. ನಡುರಸ್ತೆಯಲ್ಲೇ ಸ್ಕೂಟರ್ ನಿಲ್ಲಿಸಿಬಿಟ್ಟೆ. ಹಿಂದಿನವನು ಬೈದುಕೊಂಡು ಹೋದ. ಅವನ ತಪ್ಪೇನಿಲ್ಲ... ನಾನು ಆಗಲೇ ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಂದೆ ಹೋಗಿ, ಬ್ಯಾಡಗಿಯಲ್ಲಿ ನಮ್ಮ ಸಾಹೇಬರ ಎದುರು ನಿಂತಿದ್ದೆ.

ಮೆಣಸಿನಕಾಯಿ ಚೀಲ ಇಡಲು ಅಣ್ಣ-ತಮ್ಮ ಇಬ್ಬರು ಸಾವ್ಕಾರರು ಕಟ್ಟಿಸುತ್ತಿದ್ದ ಕೋಲ್ಡ್ ಸ್ಟೋರೇಜ್ ಅದು. ನಾನು ಡಿಪ್ಲೊಮಾ ಮುಗಿಸಿ ಹಲಗೇರಿಯಿಂದ ಬಸ್ಸು ಬದಲಿಸಿ ಬರುತ್ತಿದ್ದ ಹುಡುಗಿ, ಹೊಸ ಎಂಜಿನಿಯರು. ಸಾಹೇಬರು ನನ್ನ ಮೇಲಿನವರು, ಐವತ್ತೈದು ದಾಟಿದವರು, ಸಿಟ್ಟು ಸದಾ ಮೂಗಿನ ತುದಿಯಲ್ಲಿ. ಆ ಸಿಟ್ಟಿನಿಂದಲೇ ಹಾವೇರಿಯಲ್ಲಿ ಎರಡು ಕಡೆ ಕೆಲಸ ಕಳೆದುಕೊಂಡು ಬಂದಿದ್ದರು. ಇದೂ ಹೋದರೆ ಈ ಸೀಮೆಯಲ್ಲಿ ತಮ್ಮನ್ನು ಇನ್ಯಾರೂ ಕರೆಯುವುದಿಲ್ಲ ಎಂದು ಅವರೇ ಹೇಳುತ್ತಿದ್ದರು.

ಅವರದೊಂದು ಪದ್ಧತಿ ಇತ್ತು. ಕಾಂಕ್ರೀಟ್ ಹಾಕುವ ಮುಂಚೆ ಡ್ರಾಯಿಂಗನ್ನು ಸುತ್ತಿ ಬಗಲಲ್ಲಿ ಇಟ್ಟುಕೊಂಡು, ಹಲಗೆ-ಕಂಬ ನಿಲ್ಲಿಸುವ ಸೆಂಟ್ರಿಂಗ್ ಮೇಸ್ತ್ರಿ, ಕಬ್ಬಿಣ ಕಟ್ಟುವ ಚಾಚಾ ಮತ್ತು ನನ್ನನ್ನು ಸಾಲಾಗಿ ನಿಲ್ಲಿಸುವರು. ಈವತ್ತು ಏನು ಮಾಡಲಿಕ್ಕೆ ಹೊರಟಿದ್ದೇವೆ ಎಂದು ಒಬ್ಬೊಬ್ಬರೂ ನೋಡದೆ ತಿರುಗಿ ಹೇಳಬೇಕು.

“ಹೂಂ ಅಂದಾವ್ರೆಲ್ಲಾ ತಿಳ್ಕೊಂಡಾವ್ರಲ್ಲ ನೋಡವಾ,” ಎನ್ನುತ್ತಿದ್ದರು ನನಗೆ.

ಮಗ್ಗಿ ಒಪ್ಪಿಸುವ ಸಾಲಿ ಮಕ್ಕಳ ಹಾಗೆ ನಿಲ್ಲುವುದು ನಮಗೆ ಕಿರಿಕಿರಿ. ಬೆನ್ನ ಹಿಂದೆ ‘ಮಾಸ್ತರ’ ಎಂದು ಆಡಿಕೊಳ್ಳುತ್ತಿದ್ದೆವು, ಆಡಿಕೊಳ್ಳುವುದರಲ್ಲಿ ನಾನೇ ಮುಂದು. ಮೊಬೈಲು ಇನ್ನೂ ಸಾವ್ಕಾರರ ಜೇಬಿನಲ್ಲಷ್ಟೇ ಇದ್ದ ಕಾಲ. ಸೈಟಿನಲ್ಲಿ ಸುದ್ದಿ ಎಂದರೆ ಬಾಯಿಂದ ಬಾಯಿಗೆ ಹೋದದ್ದು, ಹೋಗುವ ದಾರಿಯಲ್ಲಿ ಉಪ್ಪು-ಖಾರ ಹಚ್ಚಿಸಿಕೊಂಡದ್ದು.

ಮೊದಲ ಮಹಡಿಯ ಸ್ಲ್ಯಾಬ್ ಹಾಕುವ ದಿನ ಬಂತು. ಮೇಡ್ಲೇರಿಯಿಂದ ಟ್ರ್ಯಾಕ್ಟರಿನಲ್ಲಿ ಆಳುಗಳು ಬಂದಿಳಿದಿದ್ದರು. ಮಿಕ್ಸರ್ ತಿರುಗುತ್ತಿತ್ತು, ಮೋಡ ಕಟ್ಟಿತ್ತು. ಚೀಲ ಮೇಲೆತ್ತುವ ಲಿಫ್ಟಿಗಾಗಿ ಸ್ಲ್ಯಾಬಿನಲ್ಲಿ ಒಂದು ಕಡೆ ಬಾಯಿ, ಅಂದರೆ ಖಾಲಿ ಜಾಗ, ಬಿಡಬೇಕಿತ್ತು. ಡ್ರಾಯಿಂಗಿನಲ್ಲಿ ಅದು ಪೂರ್ವಕ್ಕೆ. ಹಿಂದಿನ ದಿನ ಮಧ್ಯಾಹ್ನವೇ ಎಲ್ಲ ನೋಡಿ ಸರಿ ಎಂದಿದ್ದೆವು.

“ಬಾಯಿ ಎಲ್ಲಿ ಬಿಟ್ಟೀರಿ?” ಎಂದರು ಸಾಹೇಬರು, ನಮ್ಮನ್ನು ಸಾಲಾಗಿ ನಿಲ್ಲಿಸಿ.

“ಪೂರ್ವಕ್ಕರಿ,” ಎಂದ ಮೇಸ್ತ್ರಿ.

“ಪಶ್ಚಿಮಕ್ಕರಿ ಸಾಹೇಬ್,” ಎಂದರು ಚಾಚಾ. “ನಸುಕಿನ್ಯಾಗ ಬಂದು ಅಲ್ಲಿ ರಾಡ್ ಕತ್ತರಿಸೇನಿ.”

ಸಾಹೇಬರು ಪಶ್ಚಿಮಕ್ಕೆ ಓಡಿದರು, ಹಿಂದೆ ನಾನು. ಆಳುಗಳು ಬುಟ್ಟಿ ಹೊತ್ತು ನಡೆಯಲು ಹಾಸಿದ್ದ ಹಲಗೆಗಳನ್ನು ಎತ್ತಿ ನೋಡಿದರೆ, ಬಾಗಿಲಗಲದ ಜಾಗದಲ್ಲಿ ಒಂದೇ ಒಂದು ರಾಡ್ ಇರಲಿಲ್ಲ. ಮೇಸ್ತ್ರಿ ಬಾಯಿಗೆ ಚೌಕಟ್ಟು ಕೂರಿಸಿದ್ದು ಪೂರ್ವಕ್ಕೆ; ಇಲ್ಲಿ ಸುಮ್ಮನೆ ಕಾಂಕ್ರೀಟ್ ಸುರಿದಿದ್ದರೆ ಬರೀ ಸಿಮೆಂಟು-ಜಲ್ಲಿ. ಅದರ ಮೇಲೆ ಒಂದರ ಮೇಲೊಂದು ಒಟ್ಟಿದ ಚೀಲದ ಥಪ್ಪಿ, ಕೆಳಗೆ ಹಮಾಲರು...

“ಯಾರು ಹೇಳಿದ್ರು?” ಸಾಹೇಬರು ಚಾಚಾನ ಕಡೆ ತಿರುಗಿದರು.

“ಸಣ್ಣ ಸಾವ್ಕಾರ್ರು. ನಿನ್ನೆ ಸಂಜೀಮುಂದ ಬಂದು, ವಾಸ್ತು ಪ್ರಕಾರ ಪಶ್ಚಿಮಕ್ಕ ಬರಬೇಕು ಅಂದ್ರು. ಉಳದಾವ್ರಿಗೆ ನಾನೇ ಹೇಳ್ತೇನಿ ಅಂದ್ರು.”

ಸಣ್ಣ ಸಾವ್ಕಾರರು ಅಲ್ಲೇ ಇದ್ದರು, ಅಣ್ಣನ ಪಕ್ಕದಲ್ಲಿ. ದೊಡ್ಡವರಿಗೆ ವಾಸ್ತು ಎಂಬ ಮಾತು ಕೇಳಿದರೆ ಆಗುತ್ತಿರಲಿಲ್ಲ. ಅಣ್ಣನೆದುರು ತಮ್ಮ ಬಾಯಿಬಿಡುವ ರೂಢಿಯೂ ಆ ಮನೆಯಲ್ಲಿರಲಿಲ್ಲ. ಸಣ್ಣವರು ಮೋಡ ನೋಡುತ್ತ, “ನಾ ಯಾವಾಗ ಹೇಳೇನಿ?” ಎಂದುಬಿಟ್ಟರು. ಚಾಚಾನ ಮುಖ ಹುಳ್ಳಗಾಯಿತು.

“ಆಗಿದ್ದಾತು,” ಎಂದರು ದೊಡ್ಡ ಸಾವ್ಕಾರರು. “ಮಳಿ ಬರೂ ಹಂಗೈತಿ. ಆ ಕಡಿಂದ ಕಾಂಕ್ರೀಟ್ ಚಾಲೂ ಮಾಡ್ರಿ. ಈ ಕಡೆ ಬರೂದ್ರಾಗ ರಾಡ್ ಕಟ್ಟಿದ್ರಾತು.”

“ಅವಸರದಾಗ ಕಟ್ಟಿದ್ದು ಭಾರ ಹೊರಂಗಿಲ್ರಿ,” ಎಂದರು ಸಾಹೇಬರು.

ಸಾಹೇಬರು ಕೆಳಗಿಳಿದು ಹೋಗಿ ತಾವೇ ಮಿಕ್ಸರ್ ಬಂದ್ ಮಾಡಿದರು. ಒಮ್ಮೆಲೇ ಎಂಥ ನಿಶ್ಶಬ್ದ! ಮತ್ತೆ ಮೇಲೆ ಬಂದವರೇ ರಾಡಿಲ್ಲದ ಆ ಜಾಗದಲ್ಲಿ, ಪ್ಲೈವುಡ್ಡಿನ ಮೇಲೆ, ಊಟಕ್ಕೆ ಕುಳಿತವರಂತೆ ಚಕ್ಕಳಮಕ್ಕಳ ಹಾಕಿ ಕುಳಿತರು. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ.

“ಇಲ್ಲಿ ಸರಿಯಾಗಿ ರಾಡ್ ಬರೂತನಕ ನಾ ಏಳಂಗಿಲ್ಲ.”

“ಹಂಗಾರ ನಾಳಿಂದ ನೀವು ಬರೂದು ಬ್ಯಾಡ,” ಎಂದರು ದೊಡ್ಡ ಸಾವ್ಕಾರರು.

ಆಳುಗಳೆಲ್ಲ ನೋಡುತ್ತಿದ್ದರು. ಸಾಹೇಬರು ಕೂಗಾಡುತ್ತಾರೆ ಎಂದುಕೊಂಡೆ. ಅವರು ತಲೆಯೆತ್ತಿ, ದಿನಾ ನಮ್ಮಿಂದ ಹೇಳಿಸುತ್ತಿದ್ದ ಅದೇ ದನಿಯಲ್ಲಿ ಹೇಳಿದರು:

“ಆತ್ರಿ. ತಿರುಗಿ ಹೇಳ್ತೇನಿ, ಸರಿ ಐತೇನು ನೋಡ್ರಿ. ನಾಳಿಂದ ನಾ ಬರಬಾರದು. ಇವತ್ತ ಇಲ್ಲಿ ರಾಡ್ ಕಟ್ಟಬೇಕು.”

ದೊಡ್ಡ ಸಾವ್ಕಾರರು ಕೆಳಗಿಳಿದರು. ತಮ್ಮ ಅವರ ಹಿಂದೆ. ಚಾಚಾ ಹೊಸ ರಾಡ್ ತಂದು ಕಟ್ಟತೊಡಗಿದರು, ಸಾಹೇಬರೇ ಪಕ್ಕದಲ್ಲಿ ಕುಳಿತು ತಂತಿ ಕೊಡುತ್ತಿದ್ದರು. ನಾಲ್ಕು ಹನಿ ಬಿದ್ದು ಮೋಡ ಚೆದುರಿತು. ಮಧ್ಯಾಹ್ನ ಕಾಂಕ್ರೀಟ್ ಶುರುವಾಗಿ, ಹೊತ್ತು ಮುಳುಗುವುದರೊಳಗೆ ಮುಗಿಯಿತು. ಬಾಯಿ ಪೂರ್ವಕ್ಕೇ ಉಳಿಯಿತು.

ಸಂಜೆ ಅವರನ್ನು ಬಸ್ ನಿಲ್ದಾಣದವರೆಗೆ ಕಳಿಸಿಬರಲು ಹೋದೆ. ನನಗೆ ಅಳು ಬರುತ್ತಿತ್ತು. ಅವರು ಅದನ್ನು ನೋಡದವರ ಹಾಗೆ, “ಚಾಚಾಗ ಯಾರೂ ಏನೂ ಅನಬಾರದು ನೋಡವಾ. ಅಂವಾ ಖರೇ ಹೇಳ್ಯಾನ,” ಎಂದರು. ಹಾವೇರಿ ಬಸ್ಸು ಬಂತು, ಹತ್ತಿದರು. ಕಿಟಕಿಯ ಹತ್ತಿರ ಜಾಗ ಸಿಕ್ಕಿತೋ ಇಲ್ಲವೋ, ಕಾಣಲಿಲ್ಲ...

ಮುಂದಿನ ಸುಗ್ಗಿಗೆ ಕೋಲ್ಡ್ ಸ್ಟೋರೇಜ್ ತುಂಬಿತು. ಒಂದು ದಿನ ದೊಡ್ಡ ಸಾವ್ಕಾರರು ಆ ಪಶ್ಚಿಮದ ಮೂಲೆಯ ಕೆಳಗೆ ನಿಂತು, ಮೇಲೆ ನೋಡುತ್ತ, ನನ್ನನ್ನು ಕರೆದರು. “ನನ್ನ ತಮ್ಮ ಎಲ್ಲಾ ಹೇಳಿದ ತಂಗಿ. ಆ ಸಾಹೇಬ್ರಿಗೆ ಹೇಳು, ವಾಪಸ್ ಬರ್ರಿ ಅಂತ. ನಾನೇ ಕರದೇನಿ ಅಂತ ಹೇಳು.”

ಅವತ್ತೇ ಹಾವೇರಿಗೆ ಹೋದೆ. ಅವರಿದ್ದ ಬಾಡಿಗೆ ಮನೆಯಲ್ಲಿ ಬೇರೆ ಸಂಸಾರವಿತ್ತು. “ಖಾಲಿ ಮಾಡಿ ಹ್ವಾದ್ರವಾ, ಎಲ್ಲಿಗಂತ ಹೇಳಲಿಲ್ಲ,” ಎಂದರು ಮನೆಯ ಯಜಮಾನಿ. ಸಿಮೆಂಟ್ ಅಂಗಡಿಗಳಲ್ಲಿ, ಕುಮಾರಪಟ್ಟಣದ ಗುತ್ತಿಗೆದಾರರಲ್ಲಿ ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ.

ಈಗ ಬೆಳಗಾಗುವುದರೊಳಗೆ ನನ್ನ ಫೋನಿಗೆ ಹತ್ತು ಡ್ರಾಯಿಂಗು ಬಂದು ಬೀಳುತ್ತವೆ. ಎಲ್ಲರೂ ಹೆಬ್ಬೆರಳು ಎತ್ತಿ ಒಪ್ಪಿಗೆ ಕಳಿಸುತ್ತಾರೆ. ಸಾಹೇಬರು ಇದ್ದರೆ ಎಂಬತ್ತರ ಹತ್ತಿರ. ಇರಲಾರರು ಅನಿಸುತ್ತದೆ, ಹಾಗೆಂದು ಹೇಳಿದವರೂ ಯಾರೂ ಇಲ್ಲ. ದೊಡ್ಡ ಸಾವ್ಕಾರರೂ ತೀರಿಹೋಗಿ ವರ್ಷಗಳಾದವು. ಅವರು ಹೇಳಿ ಕಳಿಸಿದ ಮಾತು ಮಾತ್ರ ಇನ್ನೂ ನನ್ನ ಹತ್ತಿರವೇ ಇದೆ. ಕೊಡಬೇಕಾದವರು ಸಿಗಲಿಲ್ಲ.