ಮಾವ ಲ್ಯಾಮಿನೇಟ್ ಮಾಡಿಕೊಟ್ಟ ಅಂಕಪಟ್ಟಿ

ಕಾದ ಪ್ಲಾಸ್ಟಿಕ್ಕಿನ ವಾಸನೆಗೆ ಇವತ್ತಿಗೂ ನನಗೆ ಕೋಪ ಬರುತ್ತದೆ. ಕಳೆದ ವಾರ ಪಾಂಡವಪುರದಲ್ಲಿ ದೊಡ್ಡಕ್ಕನ ಮಗಳನ್ನು ಕರೆದುಕೊಂಡು, ಅವಳ ಪಿಯುಸಿ ಕಾಲೇಜಿನ ಗುರುತಿನ ಚೀಟಿಗೆ ಲ್ಯಾಮಿನೇಶನ್ ಮಾಡಿಸಲು ಅಂಗಡಿಯೊಂದರಲ್ಲಿ ನಿಂತಿದ್ದೆ. ಯಂತ್ರದಿಂದ ಹಾಳೆ ಈಚೆ ಬಂತು, ವಾಸನೆ ಬಂತು... ಅದರ ಹಿಂದೆಯೇ ಮಾವನೂ ನೆನಪಿಗೆ ಬಂದ.

ನೆಂಟನಲ್ಲ. ಕೆ.ಆರ್. ಪೇಟೆಯಲ್ಲಿ ನಮ್ಮಪ್ಪನ ಚಿನ್ನಬೆಳ್ಳಿ ಕೆಲಸದ ಅಂಗಡಿಗೂ ಅವನ ಜೆರಾಕ್ಸ್ ಅಂಗಡಿಗೂ ನಡುವೆ ಒಂದೇ ಗೋಡೆ. ಮಾತು ಬಂದಾಗಿನಿಂದ ಮಾವ ಎಂದೇ ಕರೆದವಳು ನಾನು. ಈಗ ‘ಅವರು’ ಎಂದು ಬರೆಯಲು ಕೈ ಏಳುವುದಿಲ್ಲ. ಏಳನೇ ಕ್ಲಾಸಿನಲ್ಲಿ ನನಗೆ ಬಂದ ಬಹುಮಾನದ ಪತ್ರಕ್ಕೆ ಅವನೇ ಪ್ರೀತಿಯಿಂದ ಲ್ಯಾಮಿನೇಶನ್ ಮಾಡಿಕೊಟ್ಟಿದ್ದ. ಅದನ್ನು ಮರೆತಿಲ್ಲ. ಮರೆತಿದ್ದರೆ ಕೋಪ ಇಷ್ಟು ಇರುತ್ತಿರಲಿಲ್ಲವೇನೋ.

ಪಿಯುಸಿ ಮುಗಿದಾಗ ಮೈಸೂರಿನ ಒಂದು ನರ್ಸಿಂಗ್ ಕಾಲೇಜಿನಲ್ಲಿ ನನಗೆ ಸೀಟು ಸಿಕ್ಕಿತ್ತು. ಮಾವ ಬೇರೊಂದು ಕಾಲೇಜಿನ ಬಣ್ಣಬಣ್ಣದ ಪುಸ್ತಕವನ್ನು ತಂದು ಅಪ್ಪನ ಮುಂದೆ ಹಿಡಿದ.

“ಮೈಸೂರಲ್ಲಿ ಓದುದ್ರೆ ಮೈಸೂರಲ್ಲೇ ಇರ್ತಾಳೆ ಆಚಾರ್ರೇ. ಬೆಂಗ್ಳೂರಿನ ಈ ಕಾಲೇಜ್ಗೆ ಆಕಿ, ಸೀದಾ ಫಾರಿನ್ನು.”

“ನೀನು ನೋಡಿದ್ದೀಯೇನಪ್ಪ?” ಅಪ್ಪ ಕೇಳಿದರು.

“ಎಲ್ಡ್ ಸಲ ಓಗ್ಬಂದಿವ್ನಿ. ನನ್ ಮಗ್ಳುನ್ನೂ ಮುಂದಿನ್ ವರ್ಸ ಅಲ್ಗೇ ಆಕ್ತೀನಿ.”

ಸ್ವಂತ ಅಕ್ಕ ಒಡವೆ ತಂದರೂ ಒರೆಗಲ್ಲಿಗೆ ಉಜ್ಜಿ ನೋಡದೆ ಕೆಲಸ ಶುರು ಮಾಡುವವರಲ್ಲ ಅಪ್ಪ. ಪಕ್ಕದಂಗಡಿಯವನ ಮಾತನ್ನು ಮಾತ್ರ ಹಾಗೇ ನಂಬಿದರು. ಮೈಸೂರಿನ ಸೀಟು ಬಿಟ್ಟೆವು. ನನ್ನ ಅಸಲು ಅಂಕಪಟ್ಟಿಯನ್ನು ಮಾವ ತಾನೇ ಲ್ಯಾಮಿನೇಟ್ ಮಾಡಿ, ಬಿಸಿ ಆರುವ ಮೊದಲೇ ಕಾಲೇಜಿನ ಲಕೋಟೆಗೆ ಹಾಕಿದ.

ಆ ಕಾಲೇಜು ಒಂದು ಬಾಡಿಗೆ ಕಟ್ಟಡದ ಎರಡನೇ ಮಹಡಿ. ಕಲಿಯಲು ಇದ್ದದ್ದು ಎಡಗೈ ಇಲ್ಲದ ಒಂದು ಅಸ್ಥಿಪಂಜರ. ಆಸ್ಪತ್ರೆಯ ಮುಖ ನಮಗೆ ತೋರಿಸಲೇ ಇಲ್ಲ. ವರ್ಷ ಕಳೆದರೂ ಪರೀಕ್ಷೆ ಬರಲಿಲ್ಲ. ನರ್ಸಿಂಗ್ ಕೌನ್ಸಿಲ್‌ನ ಮಾನ್ಯತೆಯೇ ಇಲ್ಲವೆಂದು ಗೊತ್ತಾಗಿ, ಅವರಿಂದ ಅಂಕಪಟ್ಟಿ ಬಿಡಿಸಿಕೊಳ್ಳಲು ಅಪ್ಪ ಅಲೆದಲೆದು ಚಪ್ಪಲಿ ಸವೆಸುವ ಹೊತ್ತಿಗೆ ಎರಡು ವರ್ಷ ಹೋಗಿತ್ತು. ಹುಡುಗಿಯರನ್ನು ಸೇರಿಸಿದ್ದಕ್ಕೆ ಮಾವನಿಗೆ ಕಮಿಷನ್ ಬರುತ್ತಿತ್ತಂತೆ.

ಕೊನೆಗೆ ಮೈಸೂರಿನ ಅದೇ ಕಾಲೇಜಿಗೆ ಸೇರಿದೆ. ಮೊದಲ ದಿನ ಸೀನಿಯರ್ ಎಂದು ಎದುರಿಗೆ ನಿಂತವಳು ಮಾವನ ಮಗಳು! ನನಗಿಂತ ಒಂದು ವರ್ಷ ಚಿಕ್ಕವಳು. ಅವಳು ಯಾವುದೋ ಡಿಗ್ರಿ ಓದುತ್ತಿದ್ದಾಳೆಂದು ಮಾವ ನಮಗೆ ಹೇಳಿದ್ದ. ಅಪ್ಪನಿಗೆ ಹೇಳಿದಾಗ ಒರೆಗಲ್ಲನ್ನು ಕೈಯಲ್ಲಿ ಹಿಡಿದುಕೊಂಡು ಕೂತುಬಿಟ್ಟರು.

“ಒರೆಗಚ್ದೆ ತಕಂಬುಟ್ನಲ್ಲವ್ವ...”

ಅಪ್ಪನ ಆ ದನಿಗಾಗಿ ನಾನು ಮಾವನನ್ನು ಎಂದೂ ಕ್ಷಮಿಸಲಿಲ್ಲ.

ನರ್ಸ್ ಆದ ಮೇಲೆ ಪ್ರತಿ ವರ್ಷ ಪಿಯುಸಿ ಫಲಿತಾಂಶ ಬಂದ ಕೂಡಲೇ ರಜೆ ಹಾಕಿ ಅಪ್ಪನ ಅಂಗಡಿಯ ಜಗಲಿಯಲ್ಲಿ ಕೂರುತ್ತಿದ್ದೆ. ಮಾವನ ಅಂಗಡಿಯಿಂದ ಬಣ್ಣದ ಪುಸ್ತಕ ಹಿಡಿದು ಇಳಿದ ಪ್ರತಿ ಹುಡುಗಿಯನ್ನೂ ಕರೆದು, ಮೊಬೈಲಿನಲ್ಲಿ ಕೌನ್ಸಿಲ್ ಮಾನ್ಯತೆ ಇರುವ ಕಾಲೇಜುಗಳ ಪಟ್ಟಿ ತೆಗೆದು ತೋರಿಸುತ್ತಿದ್ದೆ. ಅವನಿಗೆ ಕೇಳಿಸಲೆಂದೇ ಗಟ್ಟಿಯಾಗಿ ಓದುತ್ತಿದ್ದೆ. ಅವನ ಮುಖ ಬಾಡುವುದನ್ನು ನೋಡುವುದು ನನಗೆ ಹಬ್ಬವಾಗಿತ್ತು. ಸುಳ್ಳೇಕೆ ಹೇಳಲಿ?

ನಾಲ್ಕನೇ ವರ್ಷ ಅವನೇ ಟೀ ಹಿಡಿದುಕೊಂಡು ಬಂದ.

“ಇನ್ನೂ ಎಷ್ಟ್ ವರ್ಸ ಇಂಗೆ ಕೂತ್ಕತೀಯವ್ವ?”

“ನಮ್ಮಪ್ಪನ್ ಮುಂದೆ ನಿಂತ್ಕಂಡು ತಪ್ಪಾಯ್ತು ಅನ್ನಿ ಮಾವ, ಇವತ್ತೇ ಎದ್ದೋಯ್ತೀನಿ.”

ಟೀ ಜಗಲಿಯ ಮೇಲಿಟ್ಟು ಹೋದ. ನಾನು ಕುಡಿಯಲಿಲ್ಲ.

ಈ ವರ್ಷ ಹೋದಾಗ ಅವನ ಅಂಗಡಿಯ ಬಾಗಿಲು ಎಳೆದಿತ್ತು. “ತೀರೋಗ್ಬುಟ್ಟ ಕಣವ್ವ, ತಿಂಗ್ಳಾಯ್ತು. ಕೊನೆವರ್ಗೂ ಬಾಯಿ ಬುಡ್ಲೇ ಇಲ್ಲ,” ಎಂದರು ಅಪ್ಪ. ನನ್ನ ಎರಡು ವರ್ಷ ಮೊದಲೇ ಹೋಗಿತ್ತು. ತಪ್ಪಾಯ್ತು ಎನ್ನಬೇಕಿದ್ದ ಬಾಯಿಯೂ ಹೋಯಿತು. ಅಂದು ಮನೆಗೆ ಬಂದು ಅತ್ತುಬಿಟ್ಟೆ... ಅವನಿಗಾಗಿ ಅಲ್ಲವೆಂದು ನನಗೆ ನಾನೇ ಹೇಳಿಕೊಂಡೆ.

“ಮುಂದೇನ್ ಓದುಸ್ತೀರಿ ಮೇಡಂ?” ಕಳೆದ ವಾರ ಪಾಂಡವಪುರದ ಆ ಅಂಗಡಿಯವನು ಲ್ಯಾಮಿನೇಟ್ ಆದ ಚೀಟಿ ಕೈಗಿಡುತ್ತಾ ಕೇಳಿದ. “ನರ್ಸಿಂಗ್ ಆದ್ರೆ ಯೋಳಿ. ಬೆಂಗ್ಳೂರಲ್ಲಿ ನಮ್ಗೆ ಗೊತ್ತಿರೋ ಕಾಲೇಜೈತೆ.”

ಅಕ್ಕನ ಮಗಳು ನನ್ನ ಮುಖ ನೋಡಿದಳು. ನಾನು ಅಲ್ಲಿದ್ದ ಸ್ಟೂಲು ಎಳೆದುಕೊಂಡು ಕೂತೆ. ಮೊಬೈಲ್ ತೆಗೆದೆ.

“ಕಾಲೇಜಿನ ಹೆಸರು ಹೇಳಿ,” ಎಂದೆ.