ಪ್ರೇರಣಾ ಪತ್ರದ ಎರಡನೆಯ ಪ್ಯಾರಾ

ನಾನು ಮಾತು ಮುಗಿಸಿದ ಕೂಡಲೇ ಮೇಜಿನ ಸುತ್ತ ಕೂತಿದ್ದ ಹನ್ನೆರಡು ಜನ ಬೆರಳ ಗೆಣ್ಣುಗಳಿಂದ ಮರವನ್ನು ಕುಟ್ಟತೊಡಗಿದರು. ಯಾರ ಮುಖದಲ್ಲೂ ನಗುವಿಲ್ಲ. ಹೊರಗೆ ಯಾರೋ ಬಂದಿರಬೇಕು, ಬಾಗಿಲು ತೆರೆಯಲು ನನಗೆ ಸನ್ನೆ ಮಾಡುತ್ತಿರಬೇಕು ಎಂದುಕೊಂಡು ಎದ್ದು ನಿಂತೆ. ಪಕ್ಕದಲ್ಲಿದ್ದ ಹುಡುಗಿ ತೋಳು ಹಿಡಿದು ಕೂರಿಸಿದಳು. ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಚಪ್ಪಾಳೆ ತಟ್ಟುವುದಿಲ್ಲವಂತೆ. ಮೆಚ್ಚಿಕೆಯಾದರೆ ಮೇಜು ಕುಟ್ಟುತ್ತಾರೆ. ನಮ್ಮ ಸುರಪುರದ ಶಾಲೆಯಲ್ಲಿ ಮಾಸ್ತರರು ಮೇಜು ಕುಟ್ಟಿದರೆ ಬಾಯಿ ಮುಚ್ಚಬೇಕು ಎಂದರ್ಥ. ನಾನೂ ಬಾಯಿ ಮುಚ್ಚಿ ಕೂತೆ.

ಲೈಪ್‌ಜಿಗ್‌ಗೆ ಬಂದು ಆಗ ಹನ್ನೊಂದು ದಿನವಾಗಿತ್ತು. ಅವರು ಕುಟ್ಟಿದ್ದು ನಾನು ಹೇಳಿದ ಒಂದು ನೆನಪಿಗಾಗಿ.

ಇಲ್ಲಿ ಪಿಎಚ್‌ಡಿಗೆ ಅರ್ಜಿ ಹಾಕುವವರು ಅಂಕಪಟ್ಟಿಯ ಜೊತೆಗೆ ‘ಮೋಟಿವಾಟ್ಸಿಯೋನ್ಸ್‌ಶ್ರೈಬನ್’ ಎಂಬ ಎರಡು ಪುಟದ ಬರಹ ಕಳಿಸಬೇಕು. ಪ್ರೇರಣಾ ಪತ್ರ ಎನ್ನಬಹುದು. ಈ ಓದು ನಿಮಗೆ ಯಾಕೆ ಬೇಕು ಎಂದು ಅದರಲ್ಲಿ ಹೇಳಬೇಕು. ನಮ್ಮ ಕಡೆಯ ಅರ್ಜಿಗಳು ಜಾತಿ ಕೇಳುತ್ತವೆ, ಆದಾಯ ಕೇಳುತ್ತವೆ, ತಂದೆಯ ಹೆಸರು ಕೇಳುತ್ತವೆ. ಆಸೆ ಇದೆಯೇ ಎಂದು ಯಾವುದೂ ಕೇಳಿದ್ದಿಲ್ಲ. ಹಾಗಾಗಿ ಮೊದಲ ಪ್ಯಾರಾ ಬರೆದು ಒಂದು ವಾರ ಸುಮ್ಮನೆ ಕೂತಿದ್ದೆ. ಎರಡನೆಯ ಪ್ಯಾರಾದಲ್ಲಿ ಕಲ್ಲು ಬಂತು.

ಹಳೆಯ ಗುಡಿಗಳ ಊರು ಶಿರವಾಳ ನಮ್ಮವ್ವನ ತವರು. ಅಲ್ಲಿ ಸೋದರಮಾವನ ಮನೆಯ ಹಿಂದೆ, ಬಾವಿಯ ಹತ್ತಿರ, ಹಳಗನ್ನಡದ ಅಕ್ಷರ ಕೊರೆದ ಒಂದು ಕಲ್ಲು ಬಿದ್ದಿತ್ತು. ಬೇಸಿಗೆ ರಜೆಯಲ್ಲಿ ಬೆರಳನ್ನು ನೀರಿನಲ್ಲಿ ಅದ್ದಿ ಆ ಅಕ್ಷರಗಳ ಗುಂಟ ಎಳೆಯುತ್ತಿದ್ದೆ. ಕಲ್ಲು ಎಷ್ಟು ಕಾದಿರುತ್ತಿತ್ತೆಂದರೆ ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲ ಅಕ್ಷರ ಒಣಗಿ ಹೋಗುತ್ತಿತ್ತು. ಓದು ಬಾರದ ಜನ ಇಂಥ ಕಲ್ಲುಗಳ ನಡುವೆ ಹೇಗೆ ಬದುಕಿದರು ಎಂದು ತಿಳಿಯುವ ಹಂಬಲ ಅಲ್ಲೇ ಹುಟ್ಟಿತು. ಇಷ್ಟೇ ಬರೆದದ್ದು. ಸೀಟು ಸಿಕ್ಕಿತು. ಆ ಮೇಜಿನ ಸುತ್ತ ಕೂತವರ ಮುಂದೆ ಹೇಳಿದ್ದೂ ಇದನ್ನೇ.

ಅದಕ್ಕೂ ಮೊದಲಿನ ಒಂದು ವರ್ಷ ನಾನು ಕಲಬುರಗಿಯ ಬಾಡಿಗೆ ಕೋಣೆಯಲ್ಲಿ ಬೆಳಗಿನ ಐದಕ್ಕೆ ಎದ್ದು ಓದುತ್ತಿದ್ದೆ. ಯಾರೂ ಎಬ್ಬಿಸಬೇಕಿರಲಿಲ್ಲ. ಒಪ್ಪಿಗೆಯ ಪತ್ರ ಬಂದ ಮರುದಿನ ಎಂಟಕ್ಕೆ ಎದ್ದೆ. ಅದರ ಮರುದಿನ ಒಂಬತ್ತಕ್ಕೆ. ದಣಿವು ಎಂದುಕೊಂಡೆ. ವೀಸಾ, ಟಿಕೆಟ್ಟು, ಸ್ವೆಟರು ಎಂದು ಓಡಾಡುವಾಗ ಅದು ಗೊತ್ತಾಗಲಿಲ್ಲ. ಇಲ್ಲಿ ಬಂದು ಗ್ರಂಥಾಲಯದಲ್ಲಿ ಪುಸ್ತಕ ತೆರೆದು ಕೂತಾಗ ಗೊತ್ತಾಯಿತು, ಓದುವ ಆಸೆಯೇ ಇಂಗಿತ್ತು. ಬಾಗಿಲು ತಳ್ಳುತ್ತಿದ್ದವನಿಗೆ ಅದು ತೆರೆದಾಗ ಒಳಗೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ.

ಮೊದಲ ತಿಂಗಳು ಹೇಗೋ ಕಳೆಯಿತು, ಕೆಲಸಗಳಿದ್ದವು. ಈ ಊರಲ್ಲಿ ಇದ್ದೇನೆಂದು ನಗರದ ಕಚೇರಿಯಲ್ಲಿ ಹೆಸರು ಬರೆಸುವ ತನಕ ಮನುಷ್ಯ ಇದ್ದಂತೆ ಲೆಕ್ಕವಿಲ್ಲ. ಅದಕ್ಕೆ ‘ಆನ್‌ಮೆಲ್ಡುಂಗ್’ ಎನ್ನುತ್ತಾರೆ. ನಮ್ಮ ಸುರಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಹತ್ತು ಹೆಜ್ಜೆ ಹಾಕಿದರೆ ಯಾರ ಮಗ, ಯಾವ ಓಣಿ ಎಂದು ಎರಡು ಸಲ ಆದರೂ ಕೇಳುತ್ತಾರೆ. ಅದೇ ನಮ್ಮ ಆನ್‌ಮೆಲ್ಡುಂಗ್, ಕಾಗದವಿಲ್ಲದ್ದು. ಅಲ್ಲಿದ್ದಾಗ ಅದು ಕಿರಿಕಿರಿಯಾಗುತ್ತಿತ್ತು. ಇಲ್ಲಿ ಠಸ್ಸೆ ಬಿದ್ದ ಕಾಗದ ಹಿಡಿದು ಹೊರಗೆ ಬಂದಾಗ ತೋರಿಸಲು ಯಾರೂ ಇರಲಿಲ್ಲ.

ಒಂದು ಗೆಲುವನ್ನು ಹೇಳಲೇಬೇಕು. ಆಫ್ರಿಕಾದವರೊಬ್ಬರ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಕ್ಕಿತು. ಹಳೆಯ ಹಿಟ್ಟು, ಜಿಗಿಯಿಲ್ಲ. ಬಿಸಿನೀರು ಹಾಕಿ ನಾದಿ ಬಡಿದರೆ ಅಂಚು ಹೋಳಾಗುತ್ತಿತ್ತು. ಹಟ ಹಿಡಿದು ಒಂದು ಭಾನುವಾರ ಬಡಿಯುತ್ತಲೇ ಇದ್ದೆ. ಕೆಳಗಿನ ಮನೆಯಾಕೆ ಪೊರಕೆಯ ಹಿಡಿಯಿಂದ ತನ್ನ ಛಾವಣಿ ಕುಟ್ಟಿದಳು. ಅದು ಮೆಚ್ಚಿಕೆಯಲ್ಲವೆಂದು ಅಷ್ಟರಲ್ಲಿ ತಿಳಿದುಕೊಂಡಿದ್ದೆ. ಭಾನುವಾರ ಇಡೀ ದಿನ ‘ರೂಎತ್ಸೈಟ್’, ಸದ್ದು ಮಾಡಬಾರದ ವೇಳೆ. ಆಮೇಲೆ ಶನಿವಾರವೇ ರೊಟ್ಟಿ ಮಾಡಿಟ್ಟು ಭಾನುವಾರ ತಂಗಳು ತಿನ್ನತೊಡಗಿದೆ.

ನವೆಂಬರಿನಲ್ಲಿ ಮಧ್ಯಾಹ್ನ ನಾಲ್ಕೂವರೆಗೆಲ್ಲ ಕತ್ತಲು. ಆ ದಿನಗಳಲ್ಲೇ ನಮ್ಮ ಪ್ರೊಫೆಸರ್ ಕರೆದರು. ಅರವತ್ತರ ಹತ್ತಿರದ ಹೆಂಗಸು. ತನ್ನನ್ನು ಬರೀ ಉಲ್ರಿಕೆ ಎಂದು ಕರೆಯಬೇಕೆಂಬುದು ಅವರ ಕಟ್ಟಪ್ಪಣೆ. ನನ್ನ ನಾಲಿಗೆ ಇನ್ನೂ ಒಪ್ಪುವುದಿಲ್ಲ. ಕಲ್ಲಿನ ಒಂದು ಫೋಟೋ ಬೇಕು, ಅದರಿಂದಲೇ ನಿನ್ನ ಮೊದಲ ಅಧ್ಯಾಯ ಶುರುವಾಗಲಿ ಎಂದರು.

ಅಕ್ಕನಿಗೆ ಫೋನ್ ಮಾಡಿದೆ. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಪಿಯುಸಿ ಮುಗಿಯುತ್ತಲೇ ಮದುವೆಯಾಗಿ ಶಹಾಪುರಕ್ಕೆ ಹೋದಳು, ಈಗ ಅಂಗನವಾಡಿ ಟೀಚರು.

“ಅಕ್ಕಾ, ಶಿರವಾಳಕ್ಕ ಹೋಗಿ ಒಂದು ಫೋಟೋ ತಗದು ಕಳಸ್ತಿಯೇನು?”

“ಗುಡೀದಾ?”

“ಗುಡೀದಲ್ಲ. ಮಾವನ ಮನಿ ಹಿಂದ ಅಕ್ಷರದ ಕಲ್ಲು ಅದ ನೋಡು, ಅದರದ್ದು.”

ಅಕ್ಕ ನಕ್ಕಳು. “ಅದು ಬೋರಲ ಬಿದ್ದು ಎಷ್ಟ್ ವರ್ಷ ಆತೋ! ಅರಿವಿ ಒಗ್ಯಾ ಕಟ್ಟಿ ಕಟ್ಟಿದಾಗ ಅಕ್ಷರ ಕೆಳಗ ಮಾಡಿ ಹಾಕ್ಯಾರ, ಸುತ್ತ ಸಿಮೆಂಟ್ ಮೆತ್ತ್ಯಾರ. ಈಗ ಇರುವಿ ಓದ್ಬೇಕು ಅದನ್ನ.”

“ಯಾವಾಗ ಹಾಕಿದ್ದು?”

“ನೀ ಹುಟ್ಟಿದ ವರ್ಷ. ಅವ್ವ ಬಾಣಂತನಕ್ಕ ಅಲ್ಲೇ ಇದ್ಲಲ್ಲ. ನಿನ್ನ ಅರಿವಿ ಬಗ್ಗಿ ಒಗದು ಒಗದು ಅತ್ತಿ ಸೊಂಟ ಹಿಡಕೊಂಡಿತ್ತು. ನಿಂತು ಒಗೀಲಿ ಅಂತ ಮಾವ ಕಟ್ಟಿ ಕಟ್ಟಿಸ್ದ. ಆ ಕಲ್ಲು ಬೋರಲ ಬಿದ್ದದ್ದೇ ನಿನ್ನ ಸಲುವಾಗಿ.”

“ಹಂಗಾದ್ರ ನಾ ನೀರಾಗ ಬೆರಳದ್ದಿ ಅದರ ಮ್ಯಾಲ ಬರ್ದದ್ದು?”



“ನೀ ಎಲ್ಲಿ ಬರ್ದಿ ತಮ್ಮಾ? ಅದು ನಾ. ನಿನಗ ಜ್ವರ ಬಂದಾಗೆಲ್ಲ ಅದೇ ಕತಿ ಹೇಳು ಅಂತಿದ್ದಿ. ನಿನ್ನ ಬೆರಳು ಹಿಡದು ನನ್ನ ಅಂಗೈ ಮ್ಯಾಲ ಬರಸ್ತಿದ್ದೆ.”

ಇತಿಹಾಸದ ಓದು ನನಗೆ ಕಲಿಸಿದ್ದು ಒಂದೇ, ಹೇಳಿದವರನ್ನು ನಂಬಬೇಡ, ಸಾಕ್ಷಿ ಕೇಳು ಎಂದು. ಮೊದಲು ಅಕ್ಕನನ್ನೇ ಅನುಮಾನಿಸಿದೆ. ಅವಳಿಗಾದರೂ ಸರಿಯಾಗಿ ನೆನಪಿದೆ ಎಂದು ಏನು ಖಾತ್ರಿ? ಅವ್ವ ಇದ್ದಿದ್ದರೆ ಒಂದೇ ಮಾತಿನಲ್ಲಿ ತೀರುತ್ತಿತ್ತು, ಅವಳಿಲ್ಲ. ಶಿರವಾಳದ ಅತ್ತೆಗೆ, ಅಂದರೆ ಸೋದರಮಾವನ ಹೆಂಡತಿಗೆ, ಫೋನ್ ಹಚ್ಚಿದೆ.

“ಏನೋ ಅಳ್ಯಾ, ಅಷ್ಟು ದೂರ ಹೋಗಿ ನಮ್ಮ ಕಟ್ಟಿ ಕಲ್ಲು ಕೇಳಾಕತ್ತಿ? ಅಲ್ಲಿ ಕಲ್ಲಿಲ್ಲೇನು?”

“ಅತ್ತಿ, ಸಣ್ಣಾವ ಇದ್ದಾಗ ನಾ ಆ ಕಲ್ಲಿನ ಮ್ಯಾಲ ಆಡಿದ್ದು ನೆನಪದೇನ್ರಿ?”

“ಆಡಿದ್ದು ನೆನಪದ. ಒಗದ ಅರಿವಿ ಮ್ಯಾಲ ಉಚ್ಚಿ ಹೊಯ್ದದ್ದು ಭಾಳ ಚಲೋ ನೆನಪದ. ಅಕ್ಷರ ಬರ್ದದ್ದು ಮಾತ್ರ ನೆನಪಿಲ್ಲಪ್ಪ. ಅವು ಆಗಲೇ ಕೆಳಗ ಹೋಗಿದ್ದವು.”

ಇತಿಹಾಸದಲ್ಲಿ ಎಂ.ಎ. ಮಾಡಿದವನು, ಸುರಪುರದಿಂದ ಒಂದು ಬಸ್ಸು ಬದಲಿಸಿದರೆ ಸಿಗುವ ಊರಿಗೆ ಹೋಗಿ ಆ ಕಲ್ಲನ್ನು ಯಾಕೆ ನೋಡಲಿಲ್ಲ ಎಂದು ನೀವು ಕೇಳಬಹುದು. ಎಂ.ಎ. ಓದುವಾಗ ಎರಡು ಸಲ ಶಿರವಾಳಕ್ಕೆ ಹೋಗಿದ್ದೆ. ಗುಡಿಗಳನ್ನು ನೋಡಿದೆ, ಟಿಪ್ಪಣಿ ಮಾಡಿಕೊಂಡೆ, ಮಾವನ ಮನೆಯಲ್ಲಿ ಚಹಾ ಕುಡಿದೆ. ಹಿತ್ತಲಿಗೆ ಹೋಗಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು ಎಂದು ನೆನಪು. ಈಗ ಆ ನೆನಪನ್ನೂ ನಂಬುವುದಿಲ್ಲ. ಬೆರಳ ತುದಿಯಲ್ಲಿ ಈಗಲೂ ಬಿಸಿ ಇದೆ. ಅದು ಕಲ್ಲಿನದೋ ಜ್ವರದ್ದೋ ಹೇಳಲಾರೆ.

ಕಲ್ಲು ಹೋದರೆ ಹೋಗಲಿ ಎನ್ನುವಂತಿರಲಿಲ್ಲ. ಉತ್ಸಾಹ ಬತ್ತಿದ ದಿನಗಳಲ್ಲೆಲ್ಲ ಆ ಪತ್ರವನ್ನು ತೆಗೆದು ಎರಡನೆಯ ಪ್ಯಾರಾ ಓದಿಕೊಳ್ಳುತ್ತಿದ್ದೆ. ಇಲ್ಲಿಗೆ ಯಾಕೆ ಬಂದೆ ಎಂಬುದಕ್ಕೆ ನನ್ನ ಹತ್ತಿರ ಇದ್ದದ್ದು ಅದೊಂದೇ ಉತ್ತರ. ಈಗ ಅದು ನನ್ನದಲ್ಲ. ಅಕ್ಕನ ಆಸೆಯನ್ನು ತೋರಿಸಿ ನಾನು ಒಳಗೆ ಬಂದಿದ್ದೆ. ಆ ಆಸೆಯಿದ್ದವಳು ಶಹಾಪುರದಲ್ಲಿ ಮಕ್ಕಳಿಗೆ ಅ ಆ ಇ ಈ ತಿದ್ದಿಸುತ್ತಿದ್ದಳು.

ನಮ್ಮ ಕಡೆ ‘ಕಬೂಲ್’ ಎಂಬ ಒಂದೇ ಮಾತಿದೆ, ನಿಜಾಮರ ಕಾಲದಿಂದ ಉಳಿದದ್ದು. ಹೆಣ್ಣಿನವರು ಸಂಬಂಧ ಒಪ್ಪಿದರೂ ಕಬೂಲ್, ಕಳ್ಳ ತಪ್ಪೊಪ್ಪಿಕೊಂಡರೂ ಕಬೂಲ್. ಸೀಟು ಸಿಕ್ಕಾಗ ಅಕ್ಕ, “ಅಂತೂ ಕಬೂಲ್ ಮಾಡ್ಕೊಂಡ್ರು!” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ್ದಳು. ಈಗ ಪ್ರೊಫೆಸರಿಗೆ ಹೇಳಿಬಿಡುತ್ತೇನೆ ಎಂದಾಗ ದನಿ ತಗ್ಗಿಸಿದಳು.

“ಕಬೂಲ್ ಮಾಡ್ಬ್ಯಾಡ. ಸುಳ್ಳು ಹೇಳಿ ಒಳಗ ಹೋದವರನ್ನ ಭಾಳ ಮಂದೀನ ನೋಡೀನಿ. ಖರೇ ಹೇಳಿ ಹೊರಗ ಬಂದ ಶಾಣ್ಯಾ ನೀನೊಬ್ಬ ಆಗ್ತಿ.”

“ನಾ ಸುಳ್ಳು ಹೇಳಿಲ್ಲಕ್ಕಾ. ನನಗ ಹಂಗೇ ನೆನಪಿತ್ತು.”

“ಮತ್ಯಾಕ ಫಿಕರ್? ನೆನಪು ಯಾರಪ್ಪನ ಆಸ್ತಿ?”

ಆಸ್ತಿ ಯಾರದೆಂದು ಇಬ್ಬರಿಗೂ ಗೊತ್ತಿತ್ತು. ಅವಳು ಫೋನ್ ಇಟ್ಟಳು.

ನಾನು ಹೇಳಿದೆ. ಉಲ್ರಿಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಪೂರ್ತಿ ಕೇಳಿದರು. ಬೈಯುತ್ತಾರೆ, ಇಲ್ಲವೇ ಒಪ್ಪಿಗೆಯ ಪತ್ರ ವಾಪಸು ಕೇಳುತ್ತಾರೆ ಎಂದುಕೊಂಡಿದ್ದೆ. “ಹಾಗಾದರೆ ನಿನ್ನ ಅಕ್ಕನೇ ಆಕರ. ಅವರನ್ನು ಸಂದರ್ಶಿಸು,” ಎಂದರು. ಮೂವತ್ತು ವರ್ಷ ಆ ಹಂಬಲವನ್ನು ಇಟ್ಟುಕೊಂಡವಳು ಒಂದು ಮಾತಿನಲ್ಲಿ ಅಡಿಟಿಪ್ಪಣಿಯಾದಳು. ನಾನು ಎದ್ದೆ. ಬಾಗಿಲ ಹತ್ತಿರ ನಿಲ್ಲಿಸಿ, “ಅಕ್ಕನ ಕಾರಣ ಗೊತ್ತಾಯಿತು. ನಿನ್ನದು ಯಾವುದು? ಮಾರ್ಚಿನಲ್ಲಿ ಮೊದಲ ಪರಿಶೀಲನೆ ಇದೆ. ಅದಕ್ಕೆ ಮೊದಲು ಒಂದು ಪುಟ ಬರೆದು ಕೊಡು. ಮುಂದುವರಿಸುವುದೋ ಬಿಡುವುದೋ ಅದರ ಮೇಲೆ ನೋಡೋಣ,” ಎಂದರು.

ಡಿಸೆಂಬರ್, ಜನವರಿ ಆ ಪುಟದ ಮುಂದೆ ಕೂತೆ. ದಿನಕ್ಕೆ ಒಂದು ಗಂಟೆ ಕೂತರೆ ತಾನಾಗಿ ಬರುತ್ತದೆ, ಗುರಿಯನ್ನು ಗೋಡೆಗೆ ಅಂಟಿಸಿಕೊಳ್ಳಿ ಎಂದೆಲ್ಲ ವಿದ್ಯಾರ್ಥಿಗಳಿಗೆ ಸಲಹೆ ಕೊಡುವವರು ಇಲ್ಲಿದ್ದಾರೆ. ಕೂತೆ, ಅಂಟಿಸಿದೆ. ಹಾಳೆಯಲ್ಲಿ ತೇದಿ ಮಾತ್ರ ಬದಲಾಗುತ್ತಿತ್ತು.

ಜನವರಿಯ ಕೊನೆಗೆ ಅಕ್ಕನಿಂದ ಒಂದು ಫೋಟೋ ಬಂತು. ಅಂಗನವಾಡಿಯ ಚಾರ್ಟ್ ಹಾಳೆಯ ಹಿಂಬದಿಯಲ್ಲಿ ಸ್ಕೆಚ್ ಪೆನ್ನಿನಿಂದ ಮೂರು ಸಾಲು ಬರೆದಿದ್ದಳು. ಜೊತೆಗೆ ಅವಳ ದನಿ, ಹಿಂದೆ ಮಕ್ಕಳ ಗದ್ದಲ: “ನನಗ ನೆನಪಿದ್ದಷ್ಟು ಬರ್ದೀನಿ ನೋಡು. ಏನ್ ಬರ್ದದ ಓದಿ ಹೇಳು. ಸಣ್ಣಾಕಿ ಇದ್ದಾಗಿಂದ ಕೇಳಾಕತ್ತೀನಿ, ಒಬ್ರೂ ಹೇಳವಲ್ರು.”

ಮೊದಲ ಸಾಲಿನಲ್ಲಿ ‘ಸ್ವಸ್ತಿ’ ಇತ್ತು. ಅದು ದೊಡ್ಡ ಮಾತಲ್ಲ, ಶಾಸನಗಳು ಶುರುವಾಗುವುದೇ ಹಾಗೆ. ಎರಡನೆಯ ಸಾಲಿನ ನಡುವೆ ಕೆರೆ ಎಂದು ಓದಬಹುದಾದ ಎರಡು ಅಕ್ಷರ. ಆದರೆ ಅದರಲ್ಲಿದ್ದದ್ದು ನಮ್ಮ ಈಗಿನ ರ ಅಲ್ಲ, ಹಳೆಯ ಶಕಟರೇಫ, ಱ. ಯಾವ ಶಾಲೆಯ ವರ್ಣಮಾಲೆಯಲ್ಲೂ ಅದಿಲ್ಲ. ಅಕ್ಕ ಅದನ್ನು ಎಲ್ಲಾದರೂ ನೋಡಿದ್ದರೆ ಆ ಕಲ್ಲಿನ ಮೇಲೆಯೇ ನೋಡಿರಬೇಕು. ತಿಂಗಳುಗಳ ನಂತರ ಮೊದಲ ಸಲ ನಾನು ಊಟದ ಹೊತ್ತು ಮರೆತೆ. ಮೂರನೆಯ ಸಾಲು ಮಾತ್ರ ಬಗ್ಗಲಿಲ್ಲ. ಮೂರು ವಾರ ಅದರ ಹಿಂದೆ ಬಿದ್ದೆ. ಯಾವ ಶತಮಾನದ ಲಿಪಿಗೂ ಅದು ಕೂಡುತ್ತಿರಲಿಲ್ಲ. ಕೊನೆಗೆ ಅಕ್ಕನನ್ನೇ ಕೇಳಿದೆ.

“ಮೂರನೇದಾ?” ಎಂದಳು. “ಅದು ನೆನಪಿರ್ಲಿಲ್ಲ. ಹಾಳಿ ಖಾಲಿ ಖಾಲಿ ಕಾಣಾಕತ್ತಿತ್ತು, ನಾನೇ ತುಂಬಿಸ್ದೆ.”

“ಅಕ್ಕಾ! ಮೂರು ವಾರ ಹೋತಲ್ಲೇ!”

“ಪಿಎಚ್‌ಡಿ ಮಾಡಾವ ನೀನಾ, ನಾನಾ? ಗೊತ್ತಾಗಬೇಕಿಲ್ಲೇನು?”

ಇಬ್ಬರೂ ನಕ್ಕೆವು. ನಗು ನಿಂತಮೇಲೆ ಎರಡನೆಯ ಸಾಲಿನ ಬಗ್ಗೆಯೂ ಭಯವಾಯಿತು.

ಮಾರ್ಚಿನಲ್ಲಿ ಕೊಟ್ಟ ಪುಟದಲ್ಲಿ ಒಂದೇ ವಾಕ್ಯವಿತ್ತು: ಆ ಕಲ್ಲಿನಲ್ಲಿ ಏನು ಬರೆದಿದೆಯೆಂದು ನನ್ನ ಅಕ್ಕನಿಗೆ ಗೊತ್ತಾಗಬೇಕಾಗಿದೆ. ಉಲ್ರಿಕೆ ಪೆನ್ಸಿಲ್ಲಿನಿಂದ ಅದರ ಕೆಳಗೆ ‘ಇದೂ ಅವರ ಕಾರಣವೇ’ ಎಂದು ಬರೆದು, ಒಂದು ವರ್ಷ ಮುಂದುವರಿಸಲು ಸಹಿ ಹಾಕಿದರು. ಖುಷಿಯಾಗಲಿಲ್ಲ. ಬೆಳಗ್ಗೆ ಏಳುತ್ತೇನೆ, ಗ್ರಂಥಾಲಯಕ್ಕೆ ಹೋಗುತ್ತೇನೆ, ಸಂಜೆ ಬರುತ್ತೇನೆ. ಹಂಬಲವಿಲ್ಲದೆಯೂ ಕೆಲಸ ಸಾಗುತ್ತದೆ ಎಂಬುದು ಈ ಊರು ಕಲಿಸಿದ ಪಾಠ. ಅದು ಒಳ್ಳೆಯ ಪಾಠವೋ ಅಲ್ಲವೋ ಗೊತ್ತಿಲ್ಲ.

ಹೋದ ವಾರ ಅಕ್ಕ ಫೋನ್ ಮಾಡಿದ್ದಳು.

“ಮಾವ ಕಬೂಲ್ ಆಗ್ಯಾನ. ಕಟ್ಟಿ ಒಡ್ಯಾಕ ಅಡ್ಡಿಯಿಲ್ಲ ಅಂದ. ಅತ್ತಿ ಬೈಯಾಕತ್ಯಾಳ, ಬೈಲಿ. ಕಲ್ಲು ಎಬ್ಬಿಸಾಕ ನಾಕು ಮಂದಿ ಬೇಕಂತ. ಯಾವಾಗ ಬರ್ತಿ?”

“ಆಗಸ್ಟಿನಾಗ.”

“ಬಾ. ಆದ್ರ ಒಂದು ಮಾತು ಕೇಳು. ಎಬ್ಬಿಸಿದ ಮ್ಯಾಲ ಮೊದ್ಲ ನೋಡಾಕಿ ನಾ. ಆಮ್ಯಾಲ ನೀ, ನಿನ್ನ ಜರ್ಮನಿ.”

“ಹೂಂ,” ಎಂದೆ.

ಅಕ್ಷರ ಇದ್ದರೆ ನಾನು ಇಲ್ಲಿಗೆ ಮರಳಬೇಕು. ಮೂವತ್ತು ವರ್ಷ ಅರಿವಿ ಒಗೆದ ನೀರು ಇಳಿದು ಅಳಿಸಿಹೋಗಿದ್ದರೆ ಮರಳಲು ಕಾರಣವಿಲ್ಲ, ಅಲ್ಲಿ ಉಳಿಯಲು ಮುಖವೂ ಇರುವುದಿಲ್ಲ. ಅಕ್ಕ ಈಗಾಗಲೇ ಓಣಿಯಲ್ಲಿ ಗಟ್ಟಿ ಆಳುಗಳಿಗೆ ಹೇಳಿಟ್ಟಿದ್ದಾಳಂತೆ. ಆ ನಾಲ್ಕು ಮಂದಿಯಲ್ಲಿ ನನ್ನನ್ನೂ ಒಬ್ಬನೆಂದು ಹಿಡಿದಿದ್ದಾಳೋ ಇಲ್ಲವೋ, ನಾನು ಕೇಳಲಿಲ್ಲ.